ಸುಣ್ಣದಿಂದ ಸೂಕ್ಷ್ಮಕಣದವರೆಗೆ: ನಮ್ಮ ಗೋಡೆಗಳ ಬಿಳುಪಿನ ಚರಿತ್ರೆ

ಅರಸರ ಚರಿತ್ರೆಯನ್ನು ಶಾಸನಗಳಲ್ಲಿ ಓದಬಹುದು. ಸಾಮಾನ್ಯ ಜನರ ಚರಿತ್ರೆಯನ್ನು ಓದಬೇಕಾದರೆ ಅವರ ಮನೆಯ ಗೋಡೆಗಳನ್ನು ನೋಡಬೇಕು. ಒಂದು ಹಳೆಯ ಗೋಡೆಯನ್ನು ಉಗುರಿನಿಂದ ಕೆರೆದರೆ ಸಾಕು, ಪದರ ಪದರವಾಗಿ ಕಾಲ ಕಳಚಿಕೊಳ್ಳುತ್ತದೆ. ಮೇಲೆ ಡಬ್ಬಿಯ ಬಣ್ಣ, ಅದರ ಕೆಳಗೆ ಡಿಸ್ಟೆಂಪರು, ಅದರ ಕೆಳಗೆ ನೀಲಿ ಬೆರೆಸಿದ ಸುಣ್ಣ, ಇನ್ನೂ ಕೆಳಗೆ ಬರಿಯ ಸುಣ್ಣ, ಕಟ್ಟಕಡೆಗೆ ಮಣ್ಣು. ನಮ್ಮ ಗೆಟ್ಟವಾಡಿಯಂತಹ ಊರುಗಳಲ್ಲಿ ಈ ಐದೂ ಪದರಗಳನ್ನು ಕಂಡ ಗೋಡೆಗಳು ಇನ್ನೂ ನಿಂತಿವೆ.

ಈಗ ಆರನೆಯ ಪದರವೊಂದು ಬಾಗಿಲಿಗೆ ಬಂದಿದೆ. ತನ್ನನ್ನು ತಾನೇ ಶುಚಿಗೊಳಿಸಿಕೊಳ್ಳುವ ಬಣ್ಣ, ನ್ಯಾನೊ ಕಣಗಳಿರುವ ಬಣ್ಣ ಎಂಬ ಮಾತು ಪೇಟೆಯ ಅಂಗಡಿಗಳಲ್ಲಿಯೂ ಜಾಹೀರಾತುಗಳಲ್ಲಿಯೂ ಕೇಳಿಬರುತ್ತಿದೆ. ಮನೆ ಕಟ್ಟುವ ನಮ್ಮ ಮಕ್ಕಳು, ಮೊಮ್ಮಕ್ಕಳು ಅದರ ಬಗ್ಗೆ ವಿಚಾರಿಸುತ್ತಾರೆ. ಇದು ಮಾಯೆಯೇ, ವಿಜ್ಞಾನವೇ, ಇಲ್ಲವೇ ಬರಿಯ ವ್ಯಾಪಾರದ ಮಾತೇ? ಇದಕ್ಕೆ ಉತ್ತರ ಬೇಕಾದರೆ ಗೋಡೆಯ ಬಿಳುಪು ನಡೆದುಬಂದ ದಾರಿಯನ್ನು ಒಮ್ಮೆ ಹಿಂದಿರುಗಿ ನೋಡುವುದು ಒಳ್ಳೆಯದು. ಆ ದಾರಿಯುದ್ದಕ್ಕೂ ಒಂದು ಸಂಗತಿ ಎದ್ದು ಕಾಣುತ್ತದೆ. ಬಿಳುಪು ಬೇರೆ, ಶುಚಿ ಬೇರೆ. ಬೆಳ್ಳಗಿರುವುದೆಲ್ಲ ಶುಚಿಯಲ್ಲ, ಶುಚಿಯಾದುದೆಲ್ಲ ಬೆಳ್ಳಗಿರಬೇಕಾಗಿಯೂ ಇಲ್ಲ.

ಸಗಣಿ, ಕೆಮ್ಮಣ್ಣು, ಸುಣ್ಣ

ನಮ್ಮ ಬೆಟ್ಟಸೀಮೆಯ ಹಳೆಯ ಮನೆಗಳ ಗೋಡೆ ಮಣ್ಣಿನದು. ಮಣ್ಣನ್ನು ತುಳಿದು, ಹದಗೊಳಿಸಿ, ಅಂಕಣ ಅಂಕಣವಾಗಿ ಏರಿಸಿದ ಗೋಡೆಗೆ ಮೊದಲ ಲೇಪ ಸಗಣಿಯದು. ಸಗಣಿಯಲ್ಲಿರುವ ಸಣ್ಣ ನಾರುಗಳು ಮಣ್ಣನ್ನು ಬಿಗಿಯಾಗಿ ಹಿಡಿದುಕೊಂಡು ಬಿರುಕು ಬಿಡದಂತೆ ಕಾಯುತ್ತವೆ. ನಮ್ಮ ತಾಳವಾಡಿ ತಾಲ್ಲೂಕಿನ ಗುಮಟಾಪುರದಲ್ಲಿ ದೀಪಾವಳಿ ಮುಗಿಯುತ್ತಲೇ ಬೀರೇಶ್ವರನ ಸನ್ನಿಧಿಯಲ್ಲಿ ನಡೆಯುವ ಗೊರೆಹಬ್ಬವನ್ನು ನೋಡಲು ಈಗ ದೂರದೂರದವರು ಬರುತ್ತಾರೆ. ಒಬ್ಬರ ಮೇಲೊಬ್ಬರು ಸಗಣಿ ಎರಚಿಕೊಳ್ಳುವ ಆ ಸಂಭ್ರಮ ಹೊರಗಿನವರಿಗೆ ವಿಚಿತ್ರವಾಗಿ ತೋರಬಹುದು. ನೆಲ ಸಾರಿಸಿ, ಗೋಡೆ ಸಾರಿಸಿ ಬಾಳಿದ ಜನಕ್ಕೆ ಸಗಣಿ ಎಂದೂ ಕೊಳಕಾಗಿರಲಿಲ್ಲ. ಬೆಳ್ಳಗಿಲ್ಲದ ಶುಚಿಗೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಸಗಣಿಯ ಮೇಲೆ ಸುಣ್ಣ, ಬುಡದಲ್ಲಿ ಒಂದು ಗೇಣಿನಷ್ಟು ಕೆಮ್ಮಣ್ಣಿನ ಪಟ್ಟಿ. ಈ ಪಟ್ಟಿ ಬರಿಯ ಅಲಂಕಾರವಲ್ಲ. ಮಳೆಯ ಹನಿ ನೆಲಕ್ಕೆ ಬಿದ್ದು ಸಿಡಿಸುವ ಕೆಸರು ಗೋಡೆಯ ಬುಡಕ್ಕೇ ತಾಗುತ್ತದೆ. ಕೆಂಪಿನ ಮೇಲೆ ಅದು ಕಾಣುವುದಿಲ್ಲ. ಕೊಳೆಯನ್ನು ತಡೆಯಲಾಗದ ಕಡೆ ಅದನ್ನು ಮರೆಸುವ ಜಾಣತನ ನಮ್ಮ ಅಜ್ಜಿಯರಿಗೆ ತಿಳಿದಿತ್ತು. ಮಲೆನಾಡಿನ ಹಸೆ ಚಿತ್ತಾರದಲ್ಲಿಯೂ ಇದೇ ಕೆಮ್ಮಣ್ಣು ಹಿನ್ನೆಲೆಯಾಗಿದೆ. ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳು ಮೂಡುತ್ತವೆ.

‘ಸುಣ್ಣ’ ಎಂಬ ಪದದ ಹುಟ್ಟೂ ಸ್ವಾರಸ್ಯಕರವಾಗಿದೆ. ಸಂಸ್ಕೃತದ ‘ಚೂರ್ಣ’ವು ಪ್ರಾಕೃತದಲ್ಲಿ ‘ಚುಣ್ಣ’ವಾಗಿ, ಕನ್ನಡದಲ್ಲಿ ‘ಸುಣ್ಣ’ವಾಯಿತು. ತಮಿಳಿನ ‘ಸುಣ್ಣಾಂಬು’ ಅದರ ಒಡಹುಟ್ಟು. ಎರಡು ಭಾಷೆಗಳ ನಡುವೆ ಬದುಕುವ ನಮಗೆ ಸಂತೆಯಲ್ಲಿ ಯಾವ ಪದ ಆಡಿದರೂ ಅಂಗಡಿಯವನು ಒಂದೇ ಪೊಟ್ಟಣ ಕಟ್ಟಿಕೊಡುತ್ತಿದ್ದ. ಇನ್ನು ಸಂಸ್ಕೃತದಲ್ಲಿ ಸುಣ್ಣಕ್ಕೆ ‘ಸುಧೆ’ ಎಂಬ ಹೆಸರೂ ಉಂಟು. ಸುಧೆಯನ್ನು ಬಳಿದ ಮನೆಯೇ ‘ಸೌಧ’. ಬೆಂಗಳೂರಿನ ವಿಧಾನಸೌಧ ಕಲ್ಲಿನಲ್ಲಿ ಎದ್ದು ನಿಂತಿದ್ದರೂ ಅದರ ಹೆಸರಿನಲ್ಲಿ ಸುಣ್ಣದ ನೆನಪು ಉಳಿದಿದೆ.

ಸುಣ್ಣ ಬರಿಯ ಬಣ್ಣವಲ್ಲ, ಅದೊಂದು ರಾಸಾಯನಿಕ ಚಕ್ರ. ಸುಣ್ಣಕಲ್ಲನ್ನೋ ಚಿಪ್ಪನ್ನೋ ಗೂಡಿನಲ್ಲಿಟ್ಟು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದಾಗ ಕೊತಕೊತನೆ ಕುದಿದು ಅರಳಿದ ಸುಣ್ಣವಾಗುತ್ತದೆ. ಗೋಡೆಗೆ ಬಳಿದ ಮೇಲೆ ಅದು ಗಾಳಿಯಲ್ಲಿರುವ ಅದೇ ಅನಿಲವನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಬಳಿದ ದಿನಕ್ಕಿಂತ ಕೆಲವು ದಿನಗಳ ನಂತರ ಸುಣ್ಣ ಹೆಚ್ಚು ಬೆಳ್ಳಗೆ ಕಾಣುವುದರ ಗುಟ್ಟು ಇದು. ಹೊಸ ಸುಣ್ಣ ತೀಕ್ಷ್ಣವಾದ ಕ್ಷಾರ. ಅದರಲ್ಲಿ ಹುಳು, ಬೂಷ್ಟು, ರೋಗಾಣುಗಳು ಬದುಕಲಾರವು. ‘ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ’ ಎಂಬ ಗಾದೆ ಹುಟ್ಟಿದ್ದೂ ಈ ತೀಕ್ಷ್ಣತೆಯನ್ನು ಅರಿತವರ ಬಾಯಲ್ಲಿಯೇ. ಪ್ಲೇಗು, ಕಾಲರಾಗಳ ಕಾಲದಲ್ಲಿ ಮನೆಗಳಿಗೆ ಸುಣ್ಣ ಹೊಡೆಸುತ್ತಿದ್ದುದಕ್ಕೆ ಆಧಾರವಿತ್ತು. ಇಲ್ಲಿ ಬಿಳುಪೂ ಶುಚಿಯೂ ಒಂದೇ ಆಗಿದ್ದವು.

ಆದರೆ ಸುಣ್ಣಕ್ಕೆ ಆಯುಸ್ಸು ಕಡಿಮೆ. ಮುಟ್ಟಿದರೆ ಕೈಗೆ ಹತ್ತುತ್ತದೆ, ಮಳೆಗೆ ತೊಳೆದುಹೋಗುತ್ತದೆ. ಅದಕ್ಕಾಗಿ ಅಕ್ಕಿಯ ಗಂಜಿ, ಬೆಲ್ಲ, ಅಂಟು ಮುಂತಾದವನ್ನು ಬೆರೆಸುತ್ತಿದ್ದರು. ಹಳದಿಯ ಛಾಯೆ ತೋರದಿರಲೆಂದು ಚಿಟಿಕೆ ನೀಲಿ ಹಾಕುತ್ತಿದ್ದರು. ಹೇಗೆ ಮಾಡಿದರೂ ವರ್ಷಕ್ಕೊಮ್ಮೆ ಮತ್ತೆ ಬಳಿಯಲೇಬೇಕು. ಹಬ್ಬದ ಮುಂಚಿನ ವಾರ ಊರಿಗೆ ಊರೇ ನಾರಿನ ಕುಂಚ ಹಿಡಿದು ನಿಲ್ಲುತ್ತಿತ್ತು. ನಾನು ಉಪಾಧ್ಯಾಯನಾಗಿದ್ದ ಶಾಲೆಯೊಂದರಲ್ಲಿಯೂ ಸ್ವಾತಂತ್ರ್ಯೋತ್ಸವಕ್ಕೆ ಮೊದಲು ದೊಡ್ಡ ಹುಡುಗರು ಸುಣ್ಣ ಕಲಸುತ್ತಿದ್ದರು; ಕಣ್ಣಿಗೆ ಹಾರದಂತೆ ನೋಡಿಕೊಳ್ಳುವುದೇ ನಮ್ಮ ದೊಡ್ಡ ಕೆಲಸವಾಗಿತ್ತು. ಈ ದುಡಿಮೆಯ ಬಹುಪಾಲು ಹೆಂಗಸರದು, ಸುಣ್ಣದ ಗೂಡಿನಲ್ಲಿ ಬೇಯುತ್ತಿದ್ದ ಕೂಲಿಯವರದು. ತಾನೇ ತೊಳೆದುಕೊಳ್ಳುವ ಗೋಡೆಯ ಕನಸು ಯಾರದೆಂದು ಕೇಳಿದರೆ, ಮೊದಲ ಹಕ್ಕು ಸುಣ್ಣಕ್ಕೆ ಬಿರಿದ ಅವರ ಅಂಗೈಗಳದು.

ಗ್ರಂಥಗಳಲ್ಲಿ, ಗುಡಿಗಳಲ್ಲಿ

ಗೋಡೆಯನ್ನು ಸಿದ್ಧಪಡಿಸುವ ವಿದ್ಯೆ ನಮ್ಮ ನಾಡಿನಲ್ಲಿ ಗ್ರಂಥಸ್ಥವಾಗಿಯೇ ಇತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರ ಬರೆಯುವ ಗೋಡೆಯನ್ನು ಸುಣ್ಣದಿಂದ ಮೆತ್ತಿ ನಯಗೊಳಿಸುವ ಕ್ರಮ, ಎಮ್ಮೆಯ ತೊಗಲನ್ನು ಬೇಯಿಸಿ ತೆಗೆಯುವ ‘ವಜ್ರಲೇಪ’ವೆಂಬ ಅಂಟು, ಬಿಳಿ ಮಣ್ಣು, ಶಂಖದ ಪುಡಿ ಇವೆಲ್ಲವೂ ಹೇಳಲ್ಪಟ್ಟಿವೆ. ಬಣ್ಣದ ಪುಡಿ, ಅದನ್ನು ಗೋಡೆಗೆ ಹಿಡಿದಿಡುವ ಅಂಟು, ಬಳಿಯಲು ಅನುಕೂಲವಾಗುವ ದ್ರವ ಎಂಬ ಮೂರೇ ಅಂಗಗಳು ಇಂದಿನ ಡಬ್ಬಿಯ ಬಣ್ಣದಲ್ಲಿಯೂ ಇವೆ. ಅಂಟಿನ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದು ನಮಗೆ ಬೇಕಾಗುತ್ತದೆ.

ಕ್ರಿ.ಶ. 578ರ ಬಾದಾಮಿಯ ಮೂರನೆಯ ಗುಹೆಯಲ್ಲಿ ವರ್ಣಚಿತ್ರದ ತುಣುಕುಗಳು ಇಂದಿಗೂ ಕಾಣುತ್ತವೆ. ಉತ್ತರ ಕನ್ನಡದ ಕರಾವಳಿಯ ಗುಡಿಗಳಲ್ಲಿ ಬಿಳಿ ಗಾರೆಯ ಮೇಲೆ ಕೆಂಪು ಕಾವಿಯ ಲೇಪ ಕೊಟ್ಟು, ಅದು ಹಸಿಯಿರುವಾಗಲೇ ಕೆರೆದು ಚಿತ್ರ ಬಿಡಿಸುವ ಕಾವಿ ಕಲೆ ಬೆಳೆಯಿತು. ಕಣ್ಮರೆಯಾಗುತ್ತಿದ್ದ ಆ ಚಿತ್ರಗಳನ್ನು ಊರೂರು ಅಲೆದು ದಾಖಲಿಸಿದವರು ಡಾ. ಕೃಷ್ಣಾನಂದ ಕಾಮತರು. ನಮಗೆ ಹತ್ತಿರದ ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಕಟ್ಟಿದ ದರಿಯಾ ದೌಲತ್ತಿನ ಗೋಡೆಗಳನ್ನು ತುಂಬಿರುವ ಚಿತ್ರಗಳು ಒಮ್ಮೆ ಮಾಸಿಹೋಗಿ, ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ ಮತ್ತೆ ಬರೆಯಲ್ಪಟ್ಟವು. ಅರಮನೆಯಾಗಲಿ, ಗುಡಿಸಲಾಗಲಿ, ಗೋಡೆಯ ಬಣ್ಣ ಒಮ್ಮೆ ಹಚ್ಚಿ ಮರೆಯುವಂಥದಲ್ಲ.

ಡಬ್ಬಿಯ ಬಣ್ಣ ಬಂದ ಕಾಲ

ಬಣ್ಣವನ್ನು ಮನೆಯಲ್ಲಿ ಕಲಸುವ ಬದಲು ಡಬ್ಬಿಯಲ್ಲಿ ಕೊಳ್ಳುವ ಪದ್ಧತಿ ನಮ್ಮ ದೇಶಕ್ಕೆ ಬಂದು ನೂರಿಪ್ಪತ್ತು ವರ್ಷಗಳಾಗಿವೆ. 1902ರಲ್ಲಿ ಕಲ್ಕತ್ತೆಯ ಬಳಿಯ ಹೌರಾದಲ್ಲಿ ಶಾಲಿಮಾರ್ ಬಣ್ಣದ ಕಾರ್ಖಾನೆ ಆರಂಭವಾಯಿತು. ಮೈಸೂರು ಸಂಸ್ಥಾನವೂ ಹಿಂದೆ ಬೀಳಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1937ರಲ್ಲಿ, ಕಾಡಿನ ಅರಗನ್ನು ಬಳಸಿಕೊಂಡು ಬಣ್ಣ, ವಾರ್ನಿಷುಗಳನ್ನು ತಯಾರಿಸಲು ‘ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್’ ಸ್ಥಾಪನೆಯಾಯಿತು. ಇಂದು ಅದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಸಂಸ್ಥೆ. 1962ರ ಮೂರನೆಯ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ಒದಗಿಸುತ್ತಿರುವುದು ಇದೇ ಕಾರ್ಖಾನೆ. ಆ ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಡನೆ ಕೂಡಿ, ಬೆಳಕು ಬಿದ್ದಾಗ ಕಪ್ಪಾಗಿ ನಿಂತುಬಿಡುತ್ತದೆ. ಬೆಳಕು ಕಲೆಯನ್ನು ಉಳಿಸುವ ಈ ಉದಾಹರಣೆ ಮನಸ್ಸಿನಲ್ಲಿರಲಿ. ಬೆಳಕು ಕಲೆಯನ್ನು ಅಳಿಸುವ ಕಥೆ ಮುಂದೆ ಬರುತ್ತದೆ.

1942ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಏಷ್ಯನ್ ಪೇಂಟ್ಸ್ ಕಂಪನಿಗೆ 1954ರಲ್ಲಿ ಕುಂಚ ಹಿಡಿದ ತುಂಟ ಹುಡುಗ ‘ಗಟ್ಟು’ವನ್ನು ಬರೆದುಕೊಟ್ಟವರು ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್. ಅದೇ ಕಂಪನಿಯ ಒಂದು ಕಾರ್ಖಾನೆ 2018ರಲ್ಲಿ ನಂಜನಗೂಡಿನ ಇಮ್ಮಾವಿನಲ್ಲಿ ಆರಂಭವಾಯಿತು. ನಮ್ಮ ಬೆಟ್ಟದಿಂದ ಚಾಮರಾಜನಗರದ ಹಾದಿ ಹಿಡಿದು ಮೈಸೂರಿಗೆ ಹೋಗುವವರಿಗೆ ನಂಜನಗೂಡು ದಾರಿಯಲ್ಲಿಯೇ ಸಿಗುವ ಊರು.

ಡಬ್ಬಿಯ ಬಣ್ಣ ತಂದ ಸೌಕರ್ಯ ದೊಡ್ಡದು. ಆದರೆ ಅದರೊಡನೆ ಒಂದು ಕೇಡೂ ಮನೆಯೊಳಗೆ ಬಂದಿತು. ಎಣ್ಣೆಬಣ್ಣದ ಬಿಳುಪಿಗೆ ಬಹುಕಾಲ ಬಳಸುತ್ತಿದ್ದುದು ‘ಸಫೇದ’, ಅಂದರೆ ಸೀಸದ ಬಿಳಿ ಪುಡಿ. ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿಯೂ ಸೀಸದ ಸಂಯುಕ್ತಗಳಿದ್ದವು. ಸೀಸ ವಿಷ. ಬಣ್ಣ ಉದುರಿ ಧೂಳಾದಾಗ ತೆವಳುವ ಕೂಸುಗಳ ಕೈಗೆ, ಕೈಯಿಂದ ಬಾಯಿಗೆ ಸೇರುತ್ತದೆ. ಬೆಳೆಯುವ ಮಿದುಳನ್ನು ಕೆಡಿಸುತ್ತದೆ. ಕಲಿಕೆಯಲ್ಲಿ ಹಿಂದುಳಿದ ಮಗುವನ್ನು ದಡ್ಡನೆಂದು ಬೈಯುವವರು ಗೋಡೆಯ ಕಡೆಗೂ ಒಮ್ಮೆ ನೋಡಬೇಕಾಗಿತ್ತು ಎಂಬುದು ಲೋಕಕ್ಕೆ ತಡವಾಗಿ ತಿಳಿಯಿತು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1921ರಲ್ಲಿಯೇ ಕಟ್ಟಡಗಳ ಒಳಗೋಡೆಗೆ ಸೀಸದ ಬಿಳುಪನ್ನು ಬಳಸುವುದರ ವಿರುದ್ಧ ಒಪ್ಪಂದವನ್ನು ಅಂಗೀಕರಿಸಿತ್ತು. ನಮ್ಮಲ್ಲಿ ಜಾಗೃತಿ ಬರಲು ಬಹಳ ಕಾಲ ಹಿಡಿಯಿತು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸೀಸದ ವಿಷದ ಬಗ್ಗೆ ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶರು ಈ ವಿಷದ ವಿರುದ್ಧ ದೇಶದಾದ್ಯಂತ ದುಡಿದರು. ಕೊನೆಗೆ 2016ರ ಕೇಂದ್ರ ನಿಯಮಗಳ ಪ್ರಕಾರ ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂದು ಗೊತ್ತಾಗಿ, 2017ರ ನವೆಂಬರ್ 1ರಿಂದ ಜಾರಿಗೆ ಬಂದಿತು. ಬೆಳ್ಳಗಿದ್ದೂ ಶುಚಿಯಲ್ಲದ ಗೋಡೆ ಎಂದರೆ ಇದೇ.

ಕನ್ಯಾಕುಮಾರಿಯ ಕರಿ ಮರಳು

ಸೀಸದ ಸ್ಥಾನಕ್ಕೆ ಬಂದ ವಸ್ತುವೇ ಟೈಟಾನಿಯಂ ಡೈಆಕ್ಸೈಡ್. 1791ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲಿನಲ್ಲಿ ವಿಲಿಯಂ ಗ್ರೆಗರ್ ಎಂಬ ಪಾದ್ರಿ ಹೊಳೆಯ ಕಪ್ಪು ಮರಳನ್ನು ಪರೀಕ್ಷಿಸುತ್ತ ಒಂದು ಹೊಸ ಲೋಹದ ಸುಳಿವು ಕಂಡರು. ನಾಲ್ಕು ವರ್ಷಗಳ ನಂತರ ಜರ್ಮನಿಯ ಕ್ಲಾಪ್ರೋತ್ ಅದಕ್ಕೆ ಗ್ರೀಕ್ ಪುರಾಣದ ಟೈಟನ್ನರ ಹೆಸರಿಟ್ಟರು. ಮೊದಲ ಮಹಾಯುದ್ಧದ ಕಾಲದಲ್ಲಿ ನಾರ್ವೆ ಮತ್ತು ಅಮೆರಿಕಗಳಲ್ಲಿ ಅದರ ಆಕ್ಸೈಡನ್ನು ಬಿಳಿ ಬಣ್ಣವಾಗಿ ತಯಾರಿಸುವ ಉದ್ಯಮ ಹುಟ್ಟಿತು. ಬೆಳಕನ್ನು ಬಾಗಿಸುವ ಶಕ್ತಿಯಲ್ಲಿ ಅದು ವಜ್ರವನ್ನೂ ಮೀರಿಸುತ್ತದೆ. ಅದರ ತೆಳುವಾದ ಲೇಪವೂ ಹಿಂದಿನ ಬಣ್ಣವನ್ನು ಪೂರ್ತಿ ಮುಚ್ಚುವುದು ಇದರಿಂದಲೇ. ಇಂದು ನಾವು ಕಾಣುವ ಬಿಳಿ ಬಣ್ಣಗಳ ಬಹುಪಾಲು ಇದೇ.

ಈ ಪರದೇಶದ ಕಥೆಗೂ ನಮ್ಮ ರಾಜ್ಯಕ್ಕೂ ಹತ್ತಿರದ ನಂಟಿದೆ. 1909ರಲ್ಲಿ ಶೋಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞನು ತಿರುವಾಂಕೂರಿನ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಅಪರೂಪದ ಮೊನಜೈಟ್ ಖನಿಜವನ್ನು ಗುರುತಿಸಿ, ಮಣವಾಳಕುರಿಚಿಯ ಕಡಲಂಚಿಗೆ ಬಂದ. ಆ ಮರಳಿನಲ್ಲಿ ಮೊನಜೈಟಿನೊಡನೆ ರಾಶಿರಾಶಿಯಾಗಿದ್ದ ಕಪ್ಪು ಇಲ್ಮನೈಟ್, ಬಿಳಿ ಬಣ್ಣದ ಉದ್ಯಮ ಬೆಳೆದಂತೆ ಬೆಲೆಯುಳ್ಳ ಸರಕಾಗಿ ಹಡಗು ಏರಿತು. 1946ರಲ್ಲಿ ತಿರುವನಂತಪುರದಲ್ಲಿಯೇ ಟೈಟಾನಿಯಂ ಕಾರ್ಖಾನೆ ಸ್ಥಾಪಿತವಾಯಿತು. ಮಣವಾಳಕುರಿಚಿ ಇರುವ ಕನ್ಯಾಕುಮಾರಿ ಸೀಮೆ ಮದ್ರಾಸ್ ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಕೊಳ್ಳೇಗಾಲ ಮದ್ರಾಸನ್ನು ಬಿಟ್ಟು ಮೈಸೂರಿಗೆ ಹೋದದ್ದೂ, ನಮ್ಮ ತಾಳವಾಡಿ ಮದ್ರಾಸಿನಲ್ಲಿಯೇ ಉಳಿದದ್ದೂ ಅದೇ ದಿನ. ಹೀಗೆ ರಾಜ್ಯದ ಉತ್ತರದಂಚಿನ ನಮ್ಮ ಗೋಡೆಯ ಬಿಳುಪು, ದಕ್ಷಿಣದಂಚಿನ ಕರಿ ಮರಳಿನಲ್ಲಿ ಅಡಗಿದೆ.

ಟೈಟಾನಿಯಂ ಬಿಳುಪಿಗೆ ಆರಂಭದಲ್ಲಿ ಒಂದು ದೋಷವಿತ್ತು. ಬಿಸಿಲಿಗೆ ಒಡ್ಡಿದ ಗೋಡೆಯಲ್ಲಿ ಕೆಲವು ವರ್ಷಗಳಲ್ಲಿಯೇ ಬಣ್ಣ ಸೀಮೆಸುಣ್ಣದ ಪುಡಿಯಂತೆ ಉದುರುತ್ತಿತ್ತು. ಬಿಸಿಲು ಬಿದ್ದಾಗ ಟೈಟಾನಿಯಂ ಕಣಗಳು ತಮ್ಮನ್ನು ಹಿಡಿದಿದ್ದ ಅಂಟನ್ನೇ ತಿಂದುಹಾಕುತ್ತಿದ್ದವು. ಬಣ್ಣ ತಯಾರಕರು ಕಣಗಳ ಸುತ್ತ ಸಿಲಿಕಾ, ಅಲ್ಯೂಮಿನಾಗಳ ಕವಚ ತೊಡಿಸಿ ಈ ಹಸಿವನ್ನು ಅಡಗಿಸಿದರು. ಮುಂದೆ ಜಪಾನಿನಲ್ಲಿ ಈ ದೋಷವೇ ಗುಣವಾಯಿತು.

ಬೆಳಕಿಗೆ ಕೆಲಸ ಹೇಳಿದವರು

1967ರಲ್ಲಿ ಟೋಕಿಯೊ ವಿಶ್ವವಿದ್ಯಾನಿಲಯದಲ್ಲಿ ಅಕಿರಾ ಫುಜಿಶಿಮಾ ಎಂಬ ಸಂಶೋಧನ ವಿದ್ಯಾರ್ಥಿಯು ತನ್ನ ಗುರು ಕೆನಿಚಿ ಹೋಂಡಾ ಅವರ ಮಾರ್ಗದರ್ಶನದಲ್ಲಿ ಟೈಟಾನಿಯಂ ಡೈಆಕ್ಸೈಡಿನ ಹರಳನ್ನು ನೀರಿನಲ್ಲಿಟ್ಟು ಪ್ರಖರವಾದ ಬೆಳಕು ಹಾಯಿಸಿದನು. ಗುಳ್ಳೆಗಳು ಎದ್ದವು. ಬೆಳಕು ನಿಂತರೆ ಗುಳ್ಳೆಯೂ ನಿಂತಿತು. ನೀರು ಬೆಳಕಿನ ಬಲದಿಂದ ಜಲಜನಕ, ಆಮ್ಲಜನಕಗಳಾಗಿ ಒಡೆಯುತ್ತಿತ್ತು. 1972ರಲ್ಲಿ ಈ ಸಂಗತಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹಸಿರೆಲೆ ಮಾಡುವ ದ್ಯುತಿಸಂಶ್ಲೇಷಣೆಯನ್ನು ನಾವು ತರಗತಿಯಲ್ಲಿ ಬೋಧಿಸುತ್ತೇವಷ್ಟೆ. ಇಲ್ಲಿ ಬೆಳಕಿನ ಬಲದಿಂದ ಕೆಲಸ ಮಾಡಿದ್ದು ಒಂದು ಖನಿಜ. ಇಂಥ ವಸ್ತುವಿಗೆ ದ್ಯುತಿವೇಗವರ್ಧಕ ಎಂದು ಹೆಸರು.

ಗೋಡೆಯ ಮೇಲೆ ಇದರ ಕೆಲಸ ಹೀಗೆ ನಡೆಯುತ್ತದೆ. ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಕಣಕ್ಕೆ ತಾಗಿದಾಗ ಅದರ ಮೈಯ ಮೇಲಿನ ತೇವ ಮತ್ತು ಆಮ್ಲಜನಕಗಳು ಬಹಳ ಚುರುಕಾದ ರೂಪ ತಾಳುತ್ತವೆ. ಅಡುಗೆಯ ಜಿಡ್ಡು, ಹೊಗೆಯ ಮಸಿ, ಪಾಚಿ ಮುಂತಾದ ಜೈವಿಕ ಕೊಳೆಯನ್ನು ಅವು ನಿಧಾನವಾಗಿ ಸುಟ್ಟು ಒಡೆಯುತ್ತವೆ. ಬೆಂಕಿಯಿಲ್ಲದ ಸುಡುವಿಕೆ ಇದು. ಇದರೊಡನೆ ಇನ್ನೊಂದು ಗುಣವೂ ಇದೆ. 1997ರಲ್ಲಿ ಜಪಾನಿನ ವಿಜ್ಞಾನಿಗಳು ಪ್ರಕಟಿಸಿದಂತೆ, ಬೆಳಕು ಕಂಡ ಇಂಥ ಮೈಯ ಮೇಲೆ ನೀರು ಹನಿಯಾಗಿ ನಿಲ್ಲದೆ ತೆಳುವಾದ ಹಾಳೆಯಂತೆ ಹರಡುತ್ತದೆ. ಆ ಹಾಳೆ ಕೊಳೆಯ ಅಡಿಗೆ ನುಗ್ಗಿ, ಅದನ್ನು ಎತ್ತಿಕೊಂಡು ಹರಿದುಹೋಗುತ್ತದೆ. ಬಿಸಿಲು ಸಡಿಲಿಸುತ್ತದೆ, ಮಳೆ ತೊಳೆಯುತ್ತದೆ.

ಇಲ್ಲಿ ಸೂಕ್ಷ್ಮಕಣದ ಮಾತು ಬರುತ್ತದೆ. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. ತಲೆಗೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೊಮೀಟರ್. ಒಂದು ತೆಂಗಿನಕಾಯಿಯನ್ನು ತುರಿದರೆ ತುರಿಯ ಮೈಯೆಲ್ಲ ಸೇರಿ ಇಡೀ ಕಾಯಿಯ ಮೈಗಿಂತ ಎಷ್ಟೋ ಪಾಲು ದೊಡ್ಡದಾಗುತ್ತದೆ. ಹಾಗೆಯೇ ಕಣ ಸಣ್ಣದಾದಷ್ಟೂ ಬೆಳಕಿಗೆ, ಗಾಳಿಗೆ ಒಡ್ಡಿಕೊಳ್ಳುವ ಮೈ ಹೆಚ್ಚುತ್ತದೆ, ಕೆಲಸವೂ ಹೆಚ್ಚುತ್ತದೆ. 1959ರಲ್ಲಿ ರಿಚರ್ಡ್ ಫೈನ್‌ಮನ್ ಉಪನ್ಯಾಸವೊಂದರಲ್ಲಿ ಈ ಸೂಕ್ಷ್ಮ ಜಗತ್ತಿನ ಸಾಧ್ಯತೆಗಳನ್ನು ವಿವರಿಸಿದರು. 1974ರಲ್ಲಿ ಜಪಾನಿನ ನೊರಿಯೊ ತಾನಿಗುಚಿ ‘ನ್ಯಾನೊತಂತ್ರಜ್ಞಾನ’ ಎಂಬ ಹೆಸರನ್ನು ಬಳಕೆಗೆ ತಂದರು. ನಮ್ಮ ದೇಶದಲ್ಲಿ ಈ ವಿಜ್ಞಾನಕ್ಕೆ ನೆಲೆ ಒದಗಿಸಿದವರಲ್ಲಿ ಅಗ್ರಗಣ್ಯರು ಕನ್ನಡಿಗರಾದ ಭಾರತರತ್ನ ಸಿ.ಎನ್.ಆರ್. ರಾವ್. ಅವರ ನೇತೃತ್ವದಲ್ಲಿ 1989ರಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿ ಬೆಳೆದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ, 2007ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ನ್ಯಾನೊ ಮಿಷನ್ನೂ ಈ ದಾರಿಯ ಮೈಲಿಗಲ್ಲುಗಳು.

ತಾವರೆಯ ಎಲೆ, ಕೆಸುವಿನ ಎಲೆ

ತಾನೇ ಶುಚಿಯಾಗುವ ಗೋಡೆಗೆ ಇನ್ನೊಂದು ದಾರಿಯೂ ಇದೆ. ಅದು ಮೊದಲಿನದಕ್ಕೆ ಪೂರ್ತಿ ವಿರುದ್ಧ. ಸಂಸಾರದಲ್ಲಿದ್ದೂ ಅಂಟದವನನ್ನು ತಾವರೆಯ ಎಲೆಯ ಮೇಲಿನ ನೀರಿಗೆ ಹೋಲಿಸುವುದು ನಮ್ಮಲ್ಲಿ ಅನಾದಿಯಿಂದ ಬಂದ ಮಾತು. ಹಿತ್ತಲಿನ ಕೆಸುವಿನ ಎಲೆಯಲ್ಲಿಯೂ ಅದನ್ನು ಕಾಣಬಹುದು. ಜರ್ಮನಿಯ ಬಾನ್ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರಜ್ಞ ವಿಲ್‌ಹೆಲ್ಮ್ ಬಾರ್ಟ್‌ಲಾಟ್ ಸೂಕ್ಷ್ಮದರ್ಶಕದಲ್ಲಿ ಎಲೆಗಳನ್ನು ಪರೀಕ್ಷಿಸುತ್ತಿದ್ದಾಗ, ಕೆಲವು ಎಲೆಗಳು ತೊಳೆಯದಿದ್ದರೂ ಸದಾ ಶುಭ್ರವಾಗಿರುವುದನ್ನು ಗಮನಿಸಿದರು. ತಾವರೆಯ ಎಲೆ ಕಣ್ಣಿಗೆ ನಯವಾಗಿ ಕಂಡರೂ ಅದರ ಮೈ ತುಂಬ ಮೇಣ ಲೇಪಿತವಾದ ಅತಿ ಸಣ್ಣ ಗುಬ್ಬುಗಳು. ನೀರಿನ ಹನಿ ಆ ಗುಬ್ಬುಗಳ ತುದಿಯ ಮೇಲೆ ನಿಂತು ಗುಂಡಾಗಿ ಉರುಳುತ್ತ ಧೂಳನ್ನು ಹೊತ್ತೊಯ್ಯುತ್ತದೆ. 1997ರಲ್ಲಿ ಅವರೂ ಸಹೋದ್ಯೋಗಿ ನೈನ್‌ಹುಯಿಸರೂ ಇದನ್ನು ವಿವರವಾಗಿ ಪ್ರಕಟಿಸಿದರು. 1999ರಲ್ಲಿ ಈ ತತ್ತ್ವದ ಮೇಲೆ ತಯಾರಾದ, ತಾವರೆಯ ಹೆಸರನ್ನೇ ಹೊತ್ತ ‘ಲೋಟಸಾನ್’ ಎಂಬ ಹೊರಗೋಡೆಯ ಬಣ್ಣ ಯುರೋಪಿನ ಮಾರುಕಟ್ಟೆಗೆ ಬಂದಿತು. ಒಂದು ದಾರಿಯಲ್ಲಿ ಗೋಡೆ ನೀರನ್ನು ಅಪ್ಪಿಕೊಳ್ಳುತ್ತದೆ, ಇನ್ನೊಂದರಲ್ಲಿ ದೂಡುತ್ತದೆ. ಎರಡರಲ್ಲಿಯೂ ತೊಳೆಯುವುದು ನೀರೇ.

2001ರಲ್ಲಿ ಇಂಗ್ಲೆಂಡಿನ ಪಿಲ್ಕಿಂಗ್‌ಟನ್ ಕಂಪನಿ ತಾನೇ ಶುಚಿಯಾಗುವ ಕಿಟಕಿಗಾಜನ್ನು ಹೊರತಂದಿತು. 2003ರಲ್ಲಿ ರೋಮ್ ನಗರದ ಹೊರವಲಯದಲ್ಲಿ ವಾಸ್ತುಶಿಲ್ಪಿ ರಿಚರ್ಡ್ ಮೈಯರ್ ವಿನ್ಯಾಸ ಮಾಡಿದ ಇಗರ್ಜಿಯ ಹಾಯಿಯಂಥ ಮೂರು ಬಿಳಿ ಗೋಡೆಗಳನ್ನು ಟೈಟಾನಿಯಂ ಬೆರೆತ ಸಿಮೆಂಟಿನಿಂದ ಕಟ್ಟಲಾಯಿತು. ವರ್ಷಗಳ ನಂತರ ಪರಿಶೀಲಿಸಿದವರಿಗೆ ಅಲ್ಲಿ ಎಲ್ಲ ಕಡೆಯೂ ಒಂದೇ ಬಿಳುಪು ಉಳಿದಿರುವುದು ಕಾಣಲಿಲ್ಲ. ಹೊಸ ವಿದ್ಯೆ ನಿಜ, ಆದರೆ ಅದಕ್ಕೂ ಎಲ್ಲೆಯುಂಟು ಎಂಬುದನ್ನು ಆ ಗೋಡೆಗಳು ಹೇಳುತ್ತವೆ.

ನಮ್ಮ ಮನೆಗೆ ಬಂದಾಗ

ಈ ಚರಿತ್ರೆಯಿಂದ ನಮ್ಮ ಕುಟುಂಬಗಳಿಗೆ ಏನು ಪ್ರಯೋಜನ? ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎನ್ನುತ್ತಾರೆ. ಬೆಟ್ಟದ ಒಕ್ಕಲಿಗನೊಬ್ಬ ವರ್ಷದ ಉಳಿತಾಯವನ್ನು ಗೋಡೆಗೆ ಸುರಿಯುವಾಗ ಎರಡು ಪ್ರಶ್ನೆ ಕೇಳಿ ಸುರಿಯಲಿ ಎಂಬುದೇ ನನ್ನ ಆಶಯ.

ಮೊದಲನೆಯದು, ಗೋಡೆ ಎಲ್ಲಿದೆ? ಟೈಟಾನಿಯಂ ಕಣಕ್ಕೆ ಬಿಸಿಲಿನ ನೇರಳಾತೀತ ಕಿರಣ ಬೇಕು, ಮಳೆಯ ನೀರು ಬೇಕು. ಎರಡೂ ಸಿಗುವ ಹೊರಗೋಡೆಯಲ್ಲಿ ಅದು ಕೆಲಸ ಮಾಡೀತು. ಮಬ್ಬುಗತ್ತಲ ನಡುಮನೆಯಲ್ಲಿ, ಹೊಗೆ ತುಂಬುವ ಅಡುಗೆಮನೆಯಲ್ಲಿ, ಸೂರಿನಡಿಯ ನೆರಳಿನಲ್ಲಿ ಅದಕ್ಕೆ ಊಟವೂ ಇಲ್ಲ, ನೀರೂ ಇಲ್ಲ. ಇದಲ್ಲದೆ ಅದು ಅಳಿಸುವುದು ಜಿಡ್ಡು, ಮಸಿ, ಪಾಚಿಗಳನ್ನು; ನಮ್ಮ ಕೆಂಪು ಮಣ್ಣಿನ ಧೂಳು ಖನಿಜವಾದುದರಿಂದ ಅದನ್ನು ಒಡೆಯಲಾರದು, ಮಳೆಯೇ ತೊಳೆಯಬೇಕು. ಸಾಮಾನ್ಯವಾದ ಅಂಟಿನಲ್ಲಿ ಈ ಕಣಗಳನ್ನು ಬೆರೆಸಿದರೆ ಅವು ಅಂಟನ್ನೇ ತಿನ್ನುತ್ತವೆ. ಆದುದರಿಂದ ಸಿಲಿಕೇಟಿನಂತಹ ಖನಿಜದ ಅಂಟು ಬೇಕಾಗುತ್ತದೆ. ವಜ್ರಲೇಪದ ಕಾಲದಿಂದ ಬಂದ ಅಂಟಿನ ಪ್ರಶ್ನೆ ಇಂದಿಗೂ ಮುಗಿದಿಲ್ಲ.

ಎರಡನೆಯದು, ಗೋಡೆ ಯಾವುದರದು? ಮಣ್ಣು, ಸುಣ್ಣದ ಗೋಡೆ ಉಸಿರಾಡುತ್ತದೆ. ನೆಲದಿಂದ ಏರಿದ ತೇವ ಗೋಡೆಯ ಮೈಯಿಂದ ಆವಿಯಾಗಿ ಹೊರಡಬೇಕು. ಅಂತಹ ಗೋಡೆಯ ಮೇಲೆ ಪ್ಲಾಸ್ಟಿಕ್ಕಿನಂತಹ ಬಣ್ಣ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಗೋಡೆ ಬೊಕ್ಕೆ ಏಳುತ್ತದೆ, ಸಿಪ್ಪೆ ಸುಲಿಯುತ್ತದೆ, ಕೊನೆಗೆ ಒಳಗಿನ ಮಣ್ಣೇ ಕರಗುತ್ತದೆ. ಊರ ಹಿರಿಯರು ಕಟ್ಟಿದ ಗುಡಿಗಳ ಕಲ್ಲಿಗೆ, ಗಾರೆಗೆ ಭಕ್ತಿಯಿಂದಲೇ ಹೊಳೆಯುವ ಎನಾಮೆಲ್ ಬಳಿಸಿ ಅವುಗಳನ್ನು ಕೆಡಿಸುತ್ತಿರುವುದು ಎರಡೂ ರಾಜ್ಯಗಳಲ್ಲಿ ಕಾಣುತ್ತದೆ. ಹಳೆಯ ಗೋಡೆಗೆ ಸುಣ್ಣಕ್ಕಿಂತ ಒಳ್ಳೆಯ ಬಣ್ಣ ಇಂದಿಗೂ ಇಲ್ಲ.

ಇದರ ಜೊತೆಗೆ ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು. ಟೈಟಾನಿಯಂ ಡೈಆಕ್ಸೈಡಿನ ಧೂಳನ್ನು ಉಸಿರಾಡುವುದು ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವಾಗಬಹುದಾದ ವಸ್ತುಗಳ ಪಟ್ಟಿಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು 2ಬಿ ಗುಂಪಿನಲ್ಲಿ ಇರಿಸಿದೆ. ಗೋಡೆಗೆ ಅಂಟಿ ಒಣಗಿದ ಬಣ್ಣದಿಂದ ಭಯವಿಲ್ಲ. ಆದರೆ ಹಳೆಯ ಬಣ್ಣವನ್ನು ಉಜ್ಜಿ ತೆಗೆಯುವ ಕೂಲಿಕಾರರು ಆ ಧೂಳನ್ನು ದಿನವಿಡೀ ಸೇವಿಸುತ್ತಾರೆ. 2017ಕ್ಕೆ ಮೊದಲು ಬಳಿದ ಬಣ್ಣದ ಧೂಳಿನಲ್ಲಿ ಸೀಸವೂ ಇರಬಹುದು. ಗೋಡೆಯನ್ನು ನೀರಿನಿಂದ ತೋಯಿಸಿ ಉಜ್ಜಿಸುವುದು, ಅವರ ಮೂಗುಬಾಯಿಗೆ ಮುಸುಕು ಕೊಡಿಸುವುದು, ಮಕ್ಕಳನ್ನೂ ಬಸುರಿಯರನ್ನೂ ದೂರವಿಡುವುದು, ಇಷ್ಟನ್ನು ಮನೆಯ ಯಜಮಾನ ಮಾಡಿಸಬೇಕು. ಹೊಸ ಡಬ್ಬಿ ಕೊಳ್ಳುವಾಗ ಸೀಸದ ಪ್ರಮಾಣ 90ರೊಳಗೆ ಇದೆಯೆಂಬ ಮುದ್ರಣವನ್ನು ಓದಿ ನೋಡಬೇಕು.

ಸುತ್ತಿ ಸುತ್ತಿ ಕಥೆ ಹೊರಟಲ್ಲಿಗೇ ಬರುತ್ತಿರುವುದೂ ಒಂದು ಸೋಜಿಗ. 2021ರ ಜನವರಿ 12ರಂದು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಸಗಣಿಯಿಂದ ತಯಾರಿಸಿದ ‘ಖಾದಿ ಪ್ರಾಕೃತಿಕ್’ ಬಣ್ಣವನ್ನು ಬಿಡುಗಡೆ ಮಾಡಿತು. ಅದನ್ನು ರೂಪಿಸಿದ್ದು ಜೈಪುರದಲ್ಲಿರುವ, ಗಾಂಧೀವಾದಿ ಅರ್ಥಶಾಸ್ತ್ರಜ್ಞ ಕುಮಾರಪ್ಪನವರ ಹೆಸರಿನ ಸಂಸ್ಥೆ. ಗುಮಟಾಪುರದವರು ಹಬ್ಬದಂದು ಎರಚಿಕೊಳ್ಳುವ ವಸ್ತು ಈಗ ಡಬ್ಬಿಯೊಳಗೆ ಕುಳಿತು, ಮುದ್ರೆ ಒತ್ತಿಸಿಕೊಂಡು ಪೇಟೆಗೆ ಬಂದಿದೆ.

ಸುಣ್ಣ ಗಾಳಿಯನ್ನು ಹೀರಿ ಕಲ್ಲಾಯಿತು. ಟೈಟಾನಿಯಂ ಬಿಸಿಲನ್ನು ಹಿಡಿದು ಕೊಳೆಯನ್ನು ಸುಡುತ್ತದೆ. ತಾವರೆಯ ಎಲೆ ಮಳೆಯಿಂದಲೇ ಮೈ ತೊಳೆಯುತ್ತದೆ. ಗಾಳಿ, ಬಿಸಿಲು, ನೀರು ಎಂಬ ಈ ಮೂವರು ಆಳುಗಳು ಹಳಬರು. ಅವರಿಗೆ ಕೆಲಸ ಹೇಳುವ ವಿದ್ಯೆ ಮಾತ್ರ ಹೊಸದು. ಆ ವಿದ್ಯೆಯನ್ನು ನಾವು ನಮ್ಮ ಮಾತಿನಲ್ಲಿಯೇ ಅರಿತು, ನಮ್ಮ ಮಾತಿನಲ್ಲಿಯೇ ಪ್ರಶ್ನಿಸುವಂತಾಗಬೇಕು. ಕುಂಚ, ಗಾರೆ, ಕಾವಿ, ಕೆಮ್ಮಣ್ಣು, ಸಾರಿಸುವುದು ಎಂಬ ಪದಗಳು ನಮ್ಮ ಮನೆಗಳಿಂದ ಹೊರಟುಹೋಗುವ ಮೊದಲು, ಅವುಗಳ ಪಕ್ಕದಲ್ಲಿಯೇ ದ್ಯುತಿವೇಗವರ್ಧಕ, ಸೂಕ್ಷ್ಮಕಣ ಎಂಬ ಪದಗಳಿಗೂ ಮಣೆ ಹಾಕೋಣ. ಗಡಿಯ ಈ ಬದಿಯಲ್ಲಿ ಕನ್ನಡ ಶಾಲೆಗಳನ್ನೂ ಕನ್ನಡ ಸಂಘಗಳನ್ನೂ ಉಳಿಸಿಕೊಂಡು ಬಂದಿರುವ ನಮಗೆ ಅದು ಕಷ್ಟದ ಕೆಲಸವಲ್ಲ.